ಬೂಸ್ಟರ್, ಸ್ಪ್ಲಿಟರ್, ಹೊಸ ಕೇಬಲ್: ಮೂರನ್ನೂ ಹಾಕಿ ನೋಡಿದ ಲೆಕ್ಕ

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಮಂಡಿಯಲ್ಲಿ ಹುಣಸೆಹಣ್ಣು, ಕೊಬ್ಬರಿ ವ್ಯಾಪಾರ ಮಾಡುವ ಕೆಲವರ ಜಿಎಸ್‌ಟಿ ಲೆಕ್ಕವನ್ನು ಮನೆಯಲ್ಲೇ ಕೂತು ನೋಡಿಕೊಳ್ಳುತ್ತೇನೆ. ತಿಂಗಳ 11 ಮತ್ತು 20ನೇ ತಾರೀಕು ನನಗೆ ಪರೀಕ್ಷೆ ಇದ್ದ ಹಾಗೆ. ಆ ದಿನಗಳಲ್ಲೇ ಕೇಬಲ್ ಇಂಟರ್‌ನೆಟ್ ಕೈ ಕೊಡುತ್ತಿತ್ತು. ಪೇಜ್ ತೆರೆಯುತ್ತದೆ, ವಿಡಿಯೊ ಓಡುತ್ತದೆ, ಫೈಲ್ ಮಾತ್ರ ಅಪ್‌ಲೋಡ್ ಆಗುವುದಿಲ್ಲ. ಮಳೆ ಬಂದರಂತೂ ಮೋಡೆಮ್ ಪೂರ್ತಿ ಆಫ್‌ಲೈನ್.

ಕೇಬಲ್‌ನವರಿಗೆ ಫೋನ್ ಮಾಡಿದರೆ ಪ್ರತಿ ಸಲ ಒಂದೇ ಪ್ರಶ್ನೆ. "ಸಾರ್, ಟಿವಿ ಬರ್ತಿದೆಯಾ?" ಬರ್ತಿದೆ ಅಂದರೆ, "ಹಾಗಾದ್ರೆ ಸಿಗ್ನಲ್ ಸರಿ ಇದೆ ಬಿಡಿ ಸಾರ್."

ಇದನ್ನು ನಾನೂ ಬಹಳ ದಿನ ನಂಬಿದ್ದೆ. ಆದರೆ ಟಿವಿಗೆ ಬೇಕಾಗಿರುವುದು ಕೆಳಗೆ ಬರುವ ಸಿಗ್ನಲ್ ಅಷ್ಟೇ. ಮೋಡೆಮ್ ವಾಪಸ್ ಮಾತಾಡಲೂ ಬೇಕು. ಅದಕ್ಕೆ ಅದೇ ತಂತಿಯಲ್ಲಿ ಬೇರೆ ದಾರಿ ಇದೆ. ಕೆಳಗೆ ಬರುವುದು ನೂರಾರು ಮೆಗಾಹರ್ಟ್ಸ್‌ನಲ್ಲಿ. ಮೇಲೆ ಹೋಗುವುದು ತೀರಾ ಕೆಳಗಿನ ಪಟ್ಟಿಯಲ್ಲಿ, ಸುಮಾರು 5ರಿಂದ 65 ಮೆಗಾಹರ್ಟ್ಸ್ ಒಳಗೆ. ಒಂದು ದಾರಿ ಚೆನ್ನಾಗಿದ್ದು ಇನ್ನೊಂದು ಹಾಳಾಗಿರಬಹುದು. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಬ್ರೌಸರ್‌ನಲ್ಲಿ 192.168.100.1 ಹೊಡೆದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳು ತಮ್ಮ ಸಿಗ್ನಲ್ ಪುಟ ತೋರಿಸುತ್ತವೆ. ಅಲ್ಲಿ ಮೂರು ಅಂಕಿ ನೋಡಿದರೆ ಸಾಕು. ಮೊದಲನೆಯದು ಡೌನ್‌ಸ್ಟ್ರೀಮ್ ಪವರ್, ಅಂದರೆ ಕೆಳಗೆ ಬರುವ ಸಿಗ್ನಲ್‌ನ ಬಲ. ಮೋಡೆಮ್ -15ರಿಂದ +15 ಡಿಬಿಎಂವಿವರೆಗೆ (ಮಿಲಿವೋಲ್ಟ್ ಲೆಕ್ಕದ ಡಿಬಿ, ಸಿಗ್ನಲ್ ಬಲದ ಅಳತೆ) ತಡೆದುಕೊಳ್ಳಬೇಕು ಅನ್ನುವುದು ಕೇಬಲ್ ಇಂಟರ್‌ನೆಟ್‌ನ ಮಾನದಂಡವಾದ ಡಾಕ್ಸಿಸ್‌ನ ನಿಯಮ, ಆದರೆ -7ರಿಂದ +7ರೊಳಗೆ ಇದ್ದರೆ ನೆಮ್ಮದಿ. ಎರಡನೆಯದು ಎಸ್‌ಎನ್‌ಆರ್, ಅಂದರೆ ಗದ್ದಲದ ಮೇಲೆ ಸಿಗ್ನಲ್ ಎಷ್ಟು ಎತ್ತರದಲ್ಲಿದೆ ಅನ್ನುವ ಅಳತೆ. 256 ಕ್ಯುಎಎಂ (ಮಾಹಿತಿಯನ್ನು ಒತ್ತೊತ್ತಾಗಿ ತುಂಬಿ ಕಳಿಸುವ ಒಂದು ವಿಧಾನ) ಚಾನಲ್‌ಗೆ 33 ಡಿಬಿ ಮೇಲಿರಬೇಕು. ಇಲ್ಲಿ ಚಾನಲ್ ಅಂದರೆ ಟಿವಿ ಚಾನಲ್ ಅಲ್ಲ, ಸಿಗ್ನಲ್ ಸಾಗುವ ಒಂದು ಓಣಿ. ಮೂರನೆಯದು ಅಪ್‌ಸ್ಟ್ರೀಮ್ ಪವರ್, ಅಂದರೆ ಮೋಡೆಮ್ ಎಷ್ಟು ಬಲ ಹಾಕಿ ವಾಪಸ್ ಕಳಿಸುತ್ತಿದೆ ಅನ್ನುವುದು. ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದೇ ಇದನ್ನು.

ಕಿವಿ ಮಂದವಾದ ಅಜ್ಜನ ಹತ್ತಿರ ಮಾತಾಡುವಾಗ ಅವರಿಗೆ ಕೇಳಿಸುವ ತನಕ ನಾವು ದನಿ ಏರಿಸುತ್ತೇವಲ್ವಾ? ಅಪ್‌ಸ್ಟ್ರೀಮ್ ಹಾಗೆಯೇ. ಕೇಬಲ್‌ನವರ ಕಡೆಯ ಯಂತ್ರ "ಇನ್ನೂ ಜೋರಾಗಿ" ಅನ್ನುತ್ತದೆ, ಮೋಡೆಮ್ ಏರಿಸುತ್ತಾ ಹೋಗುತ್ತದೆ. ಹಾಗಾಗಿ ಇಲ್ಲಿ ಅಂಕಿ ಜಾಸ್ತಿ ಇದ್ದರೆ ಒಳ್ಳೆಯದಲ್ಲ. ದಾರಿಯಲ್ಲಿ ಎಲ್ಲೋ ಸೋರಿಕೆ ಇದೆ ಎಂದು ಅರ್ಥ. 35ರಿಂದ 49ರ ನಡುವೆ ಇದ್ದರೆ ಸರಿ. ಕಿರುಚುವುದಕ್ಕೂ ಮಿತಿ ಉಂಟು. ಡಾಕ್ಸಿಸ್ 3.0 ಮೋಡೆಮ್ ಸಾಮಾನ್ಯವಾಗಿ ಒಂದೇ ಚಾನಲ್‌ನಲ್ಲಿ ಕಳಿಸುವಾಗ 57ರವರೆಗೆ ಹೋಗಬಹುದು, ಎರಡಾದರೆ 54, ನಾಲ್ಕಾದರೆ ಒಂದೊಂದಕ್ಕೆ 51.

ನನ್ನ ಪುಟದಲ್ಲಿ ಇದ್ದದ್ದು: ಡೌನ್ -9, ಎಸ್‌ಎನ್‌ಆರ್ 31, ಅಪ್ 53. 53 ಅಂದರೆ ನಾಲ್ಕು ಚಾನಲ್‌ನ ಮಿತಿ ದಾಟಿತ್ತು, ಹಾಗಾಗಿ ನಾಲ್ಕು ಅಪ್‌ಸ್ಟ್ರೀಮ್ ಚಾನಲ್ ಇರಬೇಕಾದ ಕಡೆ ಎರಡೇ ಉಳಿದಿದ್ದವು. ಫೈಲ್ ಯಾಕೆ ಹೋಗುತ್ತಿಲ್ಲ ಅನ್ನುವುದು ಆ ಒಂದು ಸಾಲಿನಲ್ಲೇ ಇತ್ತು.

ಟೆಕ್ನಿಷಿಯನ್ ಹುಡುಗ ತಂದ ಮೀಟರ್‌ನಲ್ಲಿ ಮಾತ್ರ ಡೌನ್ 51 ತೋರಿಸಿತು. ನನಗೆ ಗಾಬರಿ. ಆಮೇಲೆ ಗೊತ್ತಾಯಿತು, ಅವರ ಮೀಟರ್ ಅಳೆಯುವುದು ಮೈಕ್ರೊವೋಲ್ಟ್ ಲೆಕ್ಕದ ಡಿಬಿ. ಮೋಡೆಮ್‌ನ ಅಂಕಿಗೆ 60 ಕೂಡಿಸಿದರೆ ಅವರ ಅಂಕಿ. -9ಕ್ಕೆ 60 ಕೂಡಿಸಿದರೆ 51. ಎರಡೂ ಒಂದೇ. ಕೇಬಲ್‌ನವರ ಜೊತೆ ಮಾತಾಡುವಾಗ ಇದು ತಲೆಯಲ್ಲಿರಲಿ. ಇಲ್ಲದಿದ್ದರೆ ಅವರು ಒಂದು ಹೇಳುತ್ತಾರೆ, ನಾವು ಒಂದು ಕೇಳಿಸಿಕೊಳ್ಳುತ್ತೇವೆ.

ಸರಿಪಡಿಸುವುದು ಹೇಗೆ ಎಂದು ಮೂರು ಜನ ಮೂರು ಥರ ಹೇಳಿದರು. ಒಂದೊಂದನ್ನೇ ಹಾಕಿ, ಒಂದೊಂದು ವಾರ ನೋಡಿ, ತೆಗೆದು, ಮುಂದಿನದು ಹಾಕಿದೆ. ಎಲ್ಲ ಒಟ್ಟಿಗೆ ಮಾಡಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಮೊದಲು ಬೂಸ್ಟರ್. ಅಂಗಡಿಯವರು ಕೊಟ್ಟದ್ದು ಸಾಮಾನ್ಯ ಟಿವಿ ಬೂಸ್ಟರ್. ಹಾಕಿದ ಕೂಡಲೇ ಮೋಡೆಮ್ ಸತ್ತೇ ಹೋಯಿತು, ದೀಪ ಮಿಣುಕುತ್ತಾ ಕೂತಿತು. ಆ ಬೂಸ್ಟರ್ ಒಂದೇ ಕಡೆಗೆ ಬಾಗಿಲು ತೆರೆಯುತ್ತದೆ, ವಾಪಸ್ ಹೋಗುವ 5–65 ಪಟ್ಟಿಗೆ ಅಲ್ಲಿ ಗೋಡೆ. ಅದನ್ನು ಬಿಚ್ಚಿಟ್ಟು, ರಿಟರ್ನ್ ಪಾತ್, ಅಂದರೆ ವಾಪಸ್ ದಾರಿ, ಇರುವ ಬೂಸ್ಟರ್ ತರಿಸಿದೆ. ಡೌನ್ -9 ಇದ್ದದ್ದು +1 ಆಯಿತು. ನೋಡಿ ಖುಷಿಯಾಯಿತು. ಎಸ್‌ಎನ್‌ಆರ್ ಮಾತ್ರ 31ರಿಂದ 30ಕ್ಕೆ ಇಳಿದಿತ್ತು. ತಂತಿಯಲ್ಲಿ ಆಗಲೇ ಸೇರಿದ ಗದ್ದಲವನ್ನೂ ಬೂಸ್ಟರ್ ಅಷ್ಟೇ ಎತ್ತುತ್ತದೆ, ಮೇಲೆ ತನ್ನದೂ ಸ್ವಲ್ಪ ಸೇರಿಸುತ್ತದೆ. ಅಪ್ 54ಕ್ಕೆ ಏರಿತು, ಯಾಕೆಂದರೆ ವಾಪಸ್ ದಾರಿಯಲ್ಲಿ ಅದು ಬಲ ಕೊಡುವುದಿಲ್ಲ, ಒಂದು ಡಿಬಿ ತಾನೇ ತಿನ್ನುತ್ತದೆ. ಇನ್ನೊಂದು ತೊಂದರೆ ಕರೆಂಟ್ ಹೋದಾಗ ಕಂಡಿತು. ಮೋಡೆಮ್ ಯುಪಿಎಸ್ ಮೇಲಿದೆ, ಬೂಸ್ಟರ್ ಇಲ್ಲ. ಬೂಸ್ಟರ್ ಆರಿದರೆ ಎಲ್ಲವೂ ಹೋಯಿತು. ದುಡ್ಡು ಜಾಸ್ತಿ, ಉಪಯೋಗ ಕಡಿಮೆ.

ಎರಡನೆಯದು ಸ್ಪ್ಲಿಟರ್. ನಮ್ಮ ಮನೆ ಬಾಗಿಲ ಮೇಲೆ ನಾಲ್ಕು ಬಾಯಿಯ ಸ್ಪ್ಲಿಟರ್ ಇತ್ತು. ಅಮ್ಮನ ರೂಮಿನ ಟಿವಿ, ಹಾಲ್ ಟಿವಿ, ಮೋಡೆಮ್, ಒಂದು ಖಾಲಿ. ಖಾಲಿ ಬಿಟ್ಟರೂ ಪಾಲು ಹೋಗುತ್ತದೆ. ನಾಲ್ಕು ಬಾಯಿಯದು ಒಂದೊಂದು ಕಡೆಗೆ ಸುಮಾರು 7 ಡಿಬಿ ಕಳೆಯುತ್ತದೆ, ಎರಡು ಬಾಯಿಯದು 3.5. ಹಾಗಾಗಿ ಮುಂದೆ ಎರಡು ಬಾಯಿಯದನ್ನು ಹಾಕಿ, ಒಂದು ನೇರ ಮೋಡೆಮ್‌ಗೆ, ಇನ್ನೊಂದು ಹಳೆಯ ಸ್ಪ್ಲಿಟರ್ ಮೂಲಕ ಟಿವಿಗಳಿಗೆ ಕೊಟ್ಟೆ. ಕೊಳ್ಳುವಾಗ ಅದರ ಮೇಲೆ 5–1000 ಮೆಗಾಹರ್ಟ್ಸ್ ಅಂತ ಬರೆದಿರಬೇಕು. ಡಿಶ್‌ಗೆ ಅಂತ ಮಾರುವುದರಲ್ಲಿ 950ರಿಂದ ಮೇಲಿನದಕ್ಕೇ ಮಾಡಿದವೂ ಇರುತ್ತವೆ, ಅವು ನಮಗೆ ಆಗುವುದಿಲ್ಲ.

ಲೆಕ್ಕ ಹಾಕಿದಂತೆಯೇ ಬಂತು. ಡೌನ್ -5.5, ಅಪ್ 49.5. ಸ್ಪ್ಲಿಟರ್ ಎರಡೂ ದಾರಿಯಲ್ಲಿ ಒಂದೇ ಥರ ಕಳೆಯುತ್ತದೆ, ತೆಗೆದರೆ ಎರಡೂ ಕಡೆ ಸಿಗುತ್ತದೆ. ಬೂಸ್ಟರ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ನಾಲ್ಕು ಚಾನಲ್ ವಾಪಸ್ ಬಂದವು, ಫೈಲ್‌ಗಳು ಹೋದವು. ಮೂರರಲ್ಲಿ ಇದೇ ಅಗ್ಗ, ಹತ್ತು ನಿಮಿಷದ ಕೆಲಸ. ಇಷ್ಟಕ್ಕೇ ನಿಲ್ಲಿಸೋಣ ಅಂದುಕೊಂಡಿದ್ದೆ. ನಾಲ್ಕನೇ ರಾತ್ರಿ ಮಳೆ ಸುರಿಯಿತು. ಅಪ್ ಮತ್ತೆ 53. ಎಸ್‌ಎನ್‌ಆರ್ ಮೊದಲಿನಿಂದಲೂ 32 ದಾಟಿರಲೇ ಇಲ್ಲ.

ಮೂರನೆಯದು ಕೇಬಲ್. ಕಂಬದಿಂದ ನಮ್ಮ ಮನೆಗೆ ಸುಮಾರು 30 ಮೀಟರ್, ಆರ್‌ಜಿ 59 ಅನ್ನುವ ಹಳೆಯ ತೆಳು ಕೇಬಲ್, ಪಕ್ಕದ ಮನೆಯ ತೆಂಗಿನಮರಕ್ಕೆ ಕಟ್ಟಿ ಎಳೆದದ್ದು. ಸಿದ್ಧಗಂಗೆ ಬೆಟ್ಟದ ಕಡೆಯಿಂದ ಬರುವ ಕೋತಿಗಳು ಅದನ್ನೇ ಹಿಡಿದು ಜೋತಾಡುತ್ತವೆ. ಅದಕ್ಕಿಂತ ದಪ್ಪನೆಯ ಆರ್‌ಜಿ 6 ಹಾಕಿಸಿದರೆ ಈ ಉದ್ದಕ್ಕೆ ಮೇಲಿನ ಫ್ರೀಕ್ವೆನ್ಸಿಯಲ್ಲಿ ಒಂದೂವರೆ ಡಿಬಿ ಉಳಿದರೆ ಹೆಚ್ಚು. ಕೆಳಗಿನ ಪಟ್ಟಿಯಲ್ಲಿ ಅರ್ಧ ಡಿಬಿಯೂ ಕಷ್ಟ. ಕಾಗದದ ಮೇಲೆ ನೋಡಿದರೆ ಖರ್ಚಿಗೆ ತಕ್ಕದ್ದಲ್ಲ.

ಹಳೆಯ ಸ್ಪ್ಲಿಟರನ್ನೇ ವಾಪಸ್ ಹಾಕಿ, ಆ ಹುಡುಗನನ್ನು ಕರೆಸಿದೆ. ಸಜ್ಜಾ ಮೇಲೆ ಹತ್ತಿ ಹಳೆಯ ಕನೆಕ್ಟರ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟ. ಕೈಯಲ್ಲೇ ತಿರುಗಿಸಿ ಸಿಕ್ಕಿಸುವ ಥರದ್ದು. ಒಳಗೆ ನೀರಿತ್ತು. ನಡುವಿನ ತಾಮ್ರದ ಎಳೆ ಹಸಿರು ಕಿಲುಬು ಕಟ್ಟಿತ್ತು. ಸುತ್ತಲಿನ ಜಾಲರಿ ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿ. ಕೇಬಲ್ ನೇರವಾಗಿ ಕೆಳಮುಖವಾಗಿ ಕನೆಕ್ಟರ್ ಒಳಗೆ ಇಳಿದಿತ್ತು, ಮಳೆನೀರು ಅದರ ಮೇಲೇ ಹರಿದು ಒಳಗೆ ಸೇರುತ್ತಿತ್ತು. "ಇದ್ರಲ್ಲಿ ಟಿವಿ ಹೆಂಗೆ ಬರ್ತಿತ್ತು ಸಾರ್?" ಅಂದ ಅವನೇ.

ಬರುತ್ತಿತ್ತು, ಯಾಕೆಂದರೆ ನಡುವಿನ ಎಳೆ ಸರಿಯಾಗಿ ತಾಗದಿದ್ದರೆ ಆ ಜಾಗ ಕೆಪಾಸಿಟರ್ ಥರ ಆಗುತ್ತದೆ. ಮೇಲಿನ ಫ್ರೀಕ್ವೆನ್ಸಿ ಆ ಸಂದನ್ನು ದಾಟಿಕೊಂಡು ಬರುತ್ತದೆ, ಕೆಳಗಿನದು ಅಲ್ಲೇ ನಿಲ್ಲುತ್ತದೆ. ಟಿವಿ ಚೆನ್ನಾಗಿ, ಅಪ್‌ಲೋಡ್ ಸತ್ತು.

ಹೊಸ ಆರ್‌ಜಿ 6, ಎರಡೂ ತುದಿಗೆ ಕಂಪ್ರೆಷನ್ ಕನೆಕ್ಟರ್. ಟೂಲ್‌ನಲ್ಲಿ ಒತ್ತಿ ಕೂರಿಸುವುದು, ಕೈಯಲ್ಲಿ ಅಲ್ಲ. ಒಳಗಿನ ಬಿಳಿ ಭಾಗ ಕನೆಕ್ಟರ್ ತಳಕ್ಕೆ ಸಮ ಇರಬೇಕು, ತಾಮ್ರ ಬಾಯಿಯಿಂದ ಸುಮಾರು 3 ಮಿಲಿಮೀಟರ್ ಹೊರಗೆ ಬರಬೇಕು. ಗೋಡೆ ಸೇರುವ ಮುಂಚೆ ಕೇಬಲನ್ನು ಒಂದು ಗೇಣು ಕೆಳಗೆ ಬಾಗಿಸಿ ಮೇಲಕ್ಕೆ ತಂದೆವು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಡೌನ್ -7 ಅಷ್ಟೇ. ಅದನ್ನು ಮಾತ್ರ ನೋಡಿದರೆ ಮೂರರಲ್ಲಿ ಇದೇ ಸೋತದ್ದು. ಆದರೆ ಎಸ್‌ಎನ್‌ಆರ್ 36, ಅಪ್ 46. ಏಳು ಡಿಬಿ ಇಳಿದದ್ದರಲ್ಲಿ ಕೇಬಲ್ಲಿನ ಪಾಲು ತೀರಾ ಕಡಿಮೆ, ಉಳಿದದ್ದೆಲ್ಲ ಆ ಕಿಲುಬಿನದು. ಮರುದಿನದ ಮಳೆಗೂ ಅಂಕಿ ಅಲ್ಲಾಡಲಿಲ್ಲ.

ನನ್ನನ್ನು ಕೇಳಿದರೆ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಅದು ಚೆನ್ನಾಗಿದ್ದರೆ ಸ್ಪ್ಲಿಟರ್. ಅಪ್‌ಸ್ಟ್ರೀಮ್ ಅಂಕಿ ಏರಿ ಕೂತಿರುವ ಮನೆಗೆ ಬೂಸ್ಟರ್ ಬೇಡ. ನಿಮ್ಮ ಬೀದಿಗೆ ಫೈಬರ್ ಬಂದಿದ್ದರೆ ಈ ತಲೆನೋವೇ ಬೇರೆ: ಅಲ್ಲಿ ಬೆಳಕಿನ ಲೆಕ್ಕ, ಕಿಲುಬಿನ ಭಯ ಇಲ್ಲ. ನಮ್ಮ ಬೀದಿಗೆ ಇನ್ನೂ ಬಂದಿಲ್ಲ.

ಈಗ ಹೊಸ ಕೇಬಲ್ ಮತ್ತು ಎರಡು ಬಾಯಿಯ ಸ್ಪ್ಲಿಟರ್ ಎರಡೂ ಇವೆ. ಡೌನ್ -3.5, ಎಸ್‌ಎನ್‌ಆರ್ 37, ಅಪ್ 42.5. ಹಳೆಯ ಸ್ಪ್ಲಿಟರಿನ ಖಾಲಿ ಬಾಯಿಗಳಿಗೆ 75 ಓಮ್ ಟರ್ಮಿನೇಟರ್, ಅಂದರೆ ಬಾಯಿ ಮುಚ್ಚುವ ಬಿರಡೆ, ತಿರುಗಿಸಿದ್ದೇನೆ. ತೆರೆದ ಬಾಯಿಯಿಂದ ಒಳನುಗ್ಗುವ ಗದ್ದಲ ನಮ್ಮ ಮನೆಯಲ್ಲೇ ನಿಲ್ಲುವುದಿಲ್ಲ. ಬೀದಿಯ ಎಲ್ಲರ ಅಪ್‌ಸ್ಟ್ರೀಮ್ ಒಂದೇ ದಾರಿಯಲ್ಲಿ ಸೇರುವುದರಿಂದ ಎಲ್ಲರಿಗೂ ತಗಲುತ್ತದೆ. ಪಕ್ಕದ ಮನೆಯವರ ಸ್ಪ್ಲಿಟರಿನಲ್ಲಿ ಎರಡು ಬಾಯಿ ಹಾಗೇ ತೆರೆದಿವೆ, ಅವರಿಗೂ ಎರಡು ತಂದಿಟ್ಟಿದ್ದೇನೆ. ಆ ಮೊದಲ ಬೂಸ್ಟರನ್ನು ಎಸೆದಿಲ್ಲ. ಮೋಡೆಮ್ ದಾರಿ ಬೇರೆಯಾದ ಮೇಲೆ, ಬರೀ ಟಿವಿಗಳ ಕೊಂಬೆಯಲ್ಲಿ ಕೂರಿಸಿದ್ದೇನೆ. ಅಮ್ಮನ ರೂಮಿನ ಟಿವಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ.