ಹನ್ನೊಂದು ತಿಂಗಳು ಬಳಸಿದ ಮೇಲೆ: ಬ್ಲಾಕ್‌ಚೈನ್ ಕಾವಲು ಡಬ್ಬಿ

ದಾವಣಗೆರೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ. ನಾಲ್ಕು ಕ್ಯಾಮೆರಾ, ಅವುಗಳ ವಿಡಿಯೊ ಉಳಿಸಿಡೋಕೆ ಒಂದು ಡಿವಿಆರ್, ಫ್ರಿಜ್ಜಿಗೆ ಒಂದು ಸ್ಮಾರ್ಟ್ ಪ್ಲಗ್. ಇವುಗಳೊಳಗೆ ಕಳ್ಳ ಕೋಡ್ ನುಗ್ಗದಿರಲಿ ಅಂತ ರೌಟರ್ ಪಕ್ಕಕ್ಕೆ ಈ ಡಬ್ಬಿ ತಂದಿಟ್ಟೆ. 6,800 ರೂಪಾಯಿ. ವರ್ಷಕ್ಕೆ 1,200 ಚಂದಾ ಬೇರೆ. ನಮ್ಮಂಥ ಅಂಗಡಿಗೆ ಇದು ಸಣ್ಣ ಮೊತ್ತ ಅಲ್ಲ. ಕಂಪನಿ ಹೆಸರು ಬರೆಯಲ್ಲ, ಯಾಕೆ ಅಂತ ಓದಿದರೆ ತಿಳಿಯುತ್ತೆ.

ಮೊದಲು ಖುಷಿಯ ವಿಷಯ. ಡಿವಿಆರ್ ತಯಾರಿಸಿದವರು ಹೊಸ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಬಿಟ್ಟಾಗ ಅದರ ಹ್ಯಾಶ್, ಅಂದರೆ ಫೈಲ್ ಚೂರು ಬದಲಾದರೂ ತಾನೂ ಬದಲಾಗುವ 64 ಅಕ್ಷರ-ಅಂಕಿಗಳ ಗುರುತು, ಬ್ಲಾಕ್‌ಚೈನಿನಲ್ಲಿ ದಾಖಲಾಗುತ್ತೆ. ಹಾಲಿನ ಲೆಕ್ಕ ಇದ್ದ ಹಾಗೆ: ಹಾಲಿನವನ ಪುಸ್ತಕದಲ್ಲೂ ಗೀಟು, ನಮ್ಮ ಕ್ಯಾಲೆಂಡರಿನಲ್ಲೂ ಗೀಟು. ಇಲ್ಲಿ ಪುಸ್ತಕ ಹತ್ತಾರು ಜನರ ಹತ್ತಿರ ಇರುತ್ತೆ, ಒಬ್ಬನೇ ಕೂತು ತಿದ್ದೋಕೆ ಆಗಲ್ಲ. ದಿನಾ ಬೆಳಿಗ್ಗೆ 6ಕ್ಕೆ ಡಬ್ಬಿ ಒಂದೊಂದೇ ಸಾಧನವನ್ನು ಈ ದಾಖಲೆಗೆ ತಾಳೆ ನೋಡಿ, ಸರಿ ಇದ್ದರೆ ಹಸಿರು ದೀಪ ಹಾಕುತ್ತೆ. ಪುಟ್ಟ ಪರದೆ ಮೇಲೆ ಹ್ಯಾಶಿನ ಕೊನೆಯ ನಾಲ್ಕು ಅಕ್ಷರ ಬರುತ್ತೆ.

ಆ ನಾಲ್ಕು ಅಕ್ಷರಕ್ಕೆ ನಮ್ಮಪ್ಪ ಮರುಳಾದರು. ಶಟರ್ ಎತ್ತಿ, ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ, ಕನ್ನಡಕ ಹಾಕಿಕೊಂಡು ನೇರ ಡಬ್ಬಿ ಹತ್ತಿರ ಹೋಗುತ್ತಾರೆ. 'ಬಿ ಏಳು ಸಿ ಎರಡು' ಅಂತ ಗಟ್ಟಿಯಾಗಿ ಓದಿ, ಉದ್ರಿ ಪುಸ್ತಕದ ಕೊನೆಯ ಹಾಳೆ ತೆಗೆದು ನೆನ್ನೆಯದಕ್ಕೆ ಹೋಲಿಸಿ, ಟಿಕ್ ಹಾಕಿದ ಮೇಲೇ ಚಹಾ. ಅಪ್‌ಡೇಟ್ ಆದರೆ ಮಾತ್ರ ಅದು ಬದಲಾಗೋದು. ಒಂದು ದಿನ ಹಾಗೇ ಆಗಿ, 'ಲೇ, ನಂಬರ್ ಬದ್ಲಾಗೈತಿ, ಬಾ ಇಲ್ಲಿ!' ಅಂತ ಬೀದಿಗೆ ಕೇಳುವಂತೆ ಕೂಗಿದ್ದರು.

ಒಮ್ಮೆ ಕೆಂಪು ದೀಪವೂ ಬಂತು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ನೋಡಿದರೆ ಕರೆಂಟ್ ಹೋಗಿ ಅಪ್‌ಡೇಟ್ ಅರ್ಧ ಮಾತ್ರ ಇಳಿದಿತ್ತು. ಹ್ಯಾಶ್ ತಾಳೆಯಾಗದ್ದಕ್ಕೆ ಡಬ್ಬಿ ಅದನ್ನು ಹಾಕೋಕೆ ಬಿಡಲಿಲ್ಲ. ಆ ಅರ್ಧಂಬರ್ಧ ಫೈಲ್ ಏರಿದ್ದರೆ ಡಿವಿಆರ್ ಕೆಲಸಕ್ಕೆ ಬಾರದ ಕಲ್ಲಾಗಿಬಿಡಬಹುದಿತ್ತು. ಅವತ್ತು ಕೇಳಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

ಎಂಟನೇ ತಿಂಗಳಲ್ಲಿ ನೆಟ್ ತೆವಳೋಕೆ ಶುರುವಾಯಿತು. ವೈಫೈ ಮೇಲೆ ನಡೆಯುವ ನಮ್ಮ ಸೌಂಡ್‌ಬಾಕ್ಸ್ 'ಹಣ ಬಂದಿದೆ' ಅನ್ನೋಕೆ ಎರಡು ನಿಮಿಷ. ಅಲ್ಲಿವರೆಗೆ ಗಿರಾಕಿ ಸಕ್ಕರೆ ಪೊಟ್ಟಣ ಹಿಡಿದುಕೊಂಡು ನಿಂತಿರಬೇಕು. ಡಿವಿಆರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕಥೆ. ಡಬ್ಬಿ ಮಾತ್ರ ಹಸಿರು. ಅಪ್ಪ ದಿನಾ ಟಿಕ್ ಹಾಕುತ್ತಲೇ ಇದ್ದರು.

ರಜೆಗೆ ಬಂದ ತಂಗಿಯ ಮಗ ಲ್ಯಾಪ್‌ಟಾಪ್ ಹಚ್ಚಿ ನೋಡಿದ. ನಮ್ಮ ಡಿವಿಆರ್ ಯಾವ್ಯಾವುದೋ ವಿಳಾಸಕ್ಕೆ ಒಂದೇ ಸಮ ಡೇಟಾ ಸುರಿಯುತ್ತಿತ್ತು. ಕಾರಣ ಕೇಳಿದರೆ ನಗು ಬರುತ್ತೆ. ಕ್ಯಾಮೆರಾ ಕೂರಿಸಿದ ಹುಡುಗ ಹೊರಗಿನಿಂದ ನೋಡೋಕೆ ಅನುಕೂಲ ಅಂತ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಹಾಕಿಸಿ, ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದು, ಪಾಸ್‌ವರ್ಡನ್ನು ಕಂಪನಿ ಕೊಟ್ಟ 'ಅಡ್ಮಿನ್' ಅಂತಲೇ ಬಿಟ್ಟು ಹೋಗಿದ್ದ. ನಾನೂ ಕೇಳಿರಲಿಲ್ಲ ಬಿಡಿ.

2016ರಲ್ಲಿ ಮಿರಾಯ್ ಅನ್ನೋ ಕಳ್ಳ ಕೋಡ್ ನುಗ್ಗಿದ್ದೂ ಇಂಥ ಪಾಸ್‌ವರ್ಡಿನಿಂದಲೇ. ಕಂಪನಿಯಿಂದಲೇ ಬರುವ 60ರಷ್ಟು ಹೆಸರು-ಪಾಸ್‌ವರ್ಡ್ ಜೋಡಿ ಇಟ್ಟುಕೊಂಡು ಕ್ಯಾಮೆರಾ, ಡಿವಿಆರ್, ರೌಟರ್‌ಗಳ ಬಾಗಿಲು ತಟ್ಟುತ್ತಿತ್ತು. ಆ ವರ್ಷ ಅಕ್ಟೋಬರ್ 21ರಂದು ಹಾಗೆ ಸಿಕ್ಕಿದ ಸಾಧನಗಳೇ ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ನಿಂತುಹೋಗಿದ್ದವು. ಮಿರಾಯ್ ಫರ್ಮ್‌ವೇರ್ ಮುಟ್ಟುವುದೇ ಇಲ್ಲ. ತಾತ್ಕಾಲಿಕ ಮೆಮೊರಿಯಲ್ಲಿ ಕೂರುತ್ತೆ, ಆಫ್ ಮಾಡಿದರೆ ಅಳಿಯುತ್ತೆ, ಪಾಸ್‌ವರ್ಡ್ ಅದೇ ಇದ್ದರೆ ಮತ್ತೆ ಬರುತ್ತೆ. ನಮ್ಮಲ್ಲಿ ಹೊಕ್ಕಿದ್ದೂ ಅದೇ ಜಾತಿಯದು ಇರಬೇಕು. ಫರ್ಮ್‌ವೇರ್ ಇದ್ದ ಹಾಗೇ ಇದ್ದ ಮೇಲೆ ಹ್ಯಾಶ್ ಯಾಕೆ ಬದಲಾಗುತ್ತೆ, ಅಲ್ವಾ? ಡಬ್ಬಿ ಸುಳ್ಳು ಹೇಳಿರಲಿಲ್ಲ. ಅದಕ್ಕೆ ನೋಡೋಕೆ ಬರುವುದು ಅಷ್ಟೇ.

ನನ್ನ ಸಿಟ್ಟು ಅದರ ಮೇಲಲ್ಲ. ರಟ್ಟಿನ ಪೆಟ್ಟಿಗೆ ಮೇಲೆ 'ಪೂರ್ತಿ ರಕ್ಷಣೆ' ಅಂತ ಅಚ್ಚು ಹಾಕಿದವರ ಮೇಲೆ. ಮೊದಲ ಸಲ ಜೋಡಿಸುವಾಗ 'ಪಾಸ್‌ವರ್ಡ್ ಬದಲಾಯಿಸಿದಿರಾ?' ಅಂತ ಒಂದು ಸಾಲು ಕೇಳಿದ್ದರೆ ಸಾಕಿತ್ತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ 'ಅಡ್ಮಿನ್'ನಂಥ ಪಾಸ್‌ವರ್ಡ್ ಹಾಕಿ ಸಾಧನ ಮಾರುವಂತೆಯೇ ಇಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ 'ಸರ್, ಹಸಿರು ಬರ್ತಿದೆ ಅಲ್ವಾ?' ಅಂದರು.

ಪಾಸ್‌ವರ್ಡ್ ಬದಲಾಯಿಸಿ, ಪೋರ್ಟ್ ಮುಚ್ಚಿದೆವು. ಖರ್ಚು ಸೊನ್ನೆ. ಅಂದಿನಿಂದ ನೆಟ್ ಚೆನ್ನಾಗಿದೆ.

ನನ್ನ ಲೆಕ್ಕದಲ್ಲಿ ಎರಡೂವರೆ ಸ್ಟಾರ್. ಅಪ್‌ಡೇಟ್ ಕಾಯೋಕೆ ಒಳ್ಳೆಯದು, ಅದೂ ಪಾಸ್‌ವರ್ಡ್ ಕೆಲಸ ಮುಗಿಸಿದವರಿಗೆ. ಮುಂದಿನ ತಿಂಗಳು ಚಂದಾ ಕಟ್ಟಬೇಕು. ನಾನು ಬೇಡ ಅಂದೆ. ಅಪ್ಪ 1,200 ಎಣಿಸಿ ಊದಿನಕಡ್ಡಿ ಸ್ಟ್ಯಾಂಡಿನ ಕೆಳಗೆ ಆಗಲೇ ಇಟ್ಟಿದ್ದಾರೆ.