ಮಲಗಿಸಿದರೆ ಆರಾಮ ಅಂದುಕೊಂಡೆವು, ಅದೇ ತಪ್ಪಾಯಿತು

ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರೆ ದಯವಿಟ್ಟು ಓದಿ. ಕೀಮೋ ಆಗಿ ಒಂಬತ್ತನೇ ದಿನ ಅಮ್ಮನಿಗೆ ಬಾಯಿ ತುಂಬಾ ಹುಣ್ಣು, ಏನೂ ತಿನ್ನೋಕಾಗದೆ ಆಸ್ಪತ್ರೆಗೆ ಸೇರಿಸಿದೆವು. ಸೇರಿದಾಗ ಎಕ್ಸ್‌ರೇ ಚೆನ್ನಾಗಿತ್ತು. ನಾಲ್ಕನೇ ದಿನ ನ್ಯುಮೋನಿಯಾ.

ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣ ಕಡಿಮೆ ಇದೆ ಅಂತ ಗೊತ್ತಿತ್ತು. ಮಾಸ್ಕ್ ಹಾಕಿದೆವು, ನೋಡೋಕೆ ಬಂದವರನ್ನು ಬಾಗಿಲಿಂದಲೇ ಕಳಿಸಿದೆವು. ಅದು ಬೇಕಾದ್ದೇ. ಆದರೆ ಬಾಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಚಪ್ಪಟೆ ಮಲಗಿದವರಿಗೆ ಇನ್ನೂ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದು ಎಲ್ಲಾ ಆದಮೇಲೆ.

ನಾವು ಮಾಡಿದ್ದು ನೋಡಿ. ಬ್ರಷ್ ಕಂಡರೆ ಉರಿ ಅಂತ ಅಮ್ಮ ಮುಖ ತಿರುಗಿಸುತ್ತಿದ್ದರು, ಪಾಪ ಅಂತ ನಾವೂ ಬಿಟ್ಟೆವು. ಮೂರನೇ ದಿನ ನಾಲಿಗೆ ಮೇಲೆ ಹಳದಿ ಪದರ, ತುಟಿ ಮೂಲೆಯಲ್ಲಿ ಒಣಗಿದ ಅಂಟು. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ ಸುಮ್ಮನಾದೆ. ನೋವಿನ ಔಷಧಿಯ ಮಂಪರಿನಲ್ಲಿದ್ದವರಿಗೆ ಮಲಗಿದ ಹಾಗೇ ಚಮಚದಲ್ಲಿ ನೀರು ಬಿಟ್ಟಾಗ ಗಂಟಲು ಗೊರಗೊರ ಅಂದಿತ್ತು, ಅದನ್ನೂ ಯಾರಿಗೂ ಹೇಳಲಿಲ್ಲ. ಮಂಚದ ತಲೆಭಾಗ ಎತ್ತೋ ಹಿಡಿ ಕಾಲಿನ ಕಡೆ ಇತ್ತು. ನಾಲ್ಕು ದಿನ ಅದಕ್ಕೆ ನನ್ನ ಬ್ಯಾಗ್ ನೇತುಹಾಕಿದ್ದೆ!

ಡಾಕ್ಟರ್ ಬೇಡ ಅನ್ನದಿದ್ದರೆ ತಲೆಭಾಗ 30ರಿಂದ 45 ಡಿಗ್ರಿ ಎತ್ತಿಡಿ. ಪೂರ್ತಿ ಎಚ್ಚರ ಇದ್ದಾಗ, ನೆಟ್ಟಗೆ ಕೂರಿಸಿಯೇ ತಿನ್ನಿಸಿ, ತಿಂದ ತಕ್ಷಣ ಮಲಗಿಸಬೇಡಿ. ನೀರು ಕುಡಿದಾಗ ಕೆಮ್ಮು, ಗೊರಗೊರ ಬಂದರೆ ಕುಡಿಸೋದು ನಿಲ್ಲಿಸಿ ನರ್ಸ್‌ಗೆ ಹೇಳಿ. ಬಾಯಿಗೆ ತುಂಬಾ ಮೆತ್ತನೆ ಬ್ರಷ್ ಇರಲಿ, ಉರಿ ತಡೆಯಲಾಗದಿದ್ದರೆ ಮೊದಲು ಬಾಯಿ ಮರಗಟ್ಟಿಸೋ ಔಷಧಿ ಕೊಡ್ತೀರಾ ಅಂತ ಕೇಳಿ (ಇದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ), ಪ್ಲೇಟ್‌ಲೆಟ್ (ರಕ್ತಸ್ರಾವ ನಿಲ್ಲಿಸೋ ಕಣ) ತೀರಾ ಕಡಿಮೆ ಇದ್ದರೆ ಬ್ರಷ್ ಮಾಡಬಹುದಾ ಅಂತಲೂ ಕೇಳಿಕೊಳ್ಳಿ. ಆದಷ್ಟು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ. ಮುಟ್ಟೋ ಮೊದಲು ಕೈ ತೊಳೆದಿರಾ ಅಂತ ಡಾಕ್ಟರ್‌ನ್ನೂ ಕೇಳಬಹುದು, ಸಂಕೋಚ ಬೇಡ.

ಇನ್ನೊಂದು. ಅಮ್ಮನಿಗೆ ಕೆಮ್ಮು, ಕಫ ಏನೂ ಇರಲಿಲ್ಲ. ಬಿಳಿ ರಕ್ತಕಣ ಕುಸಿದವರಲ್ಲಿ ಹಾಗಾಗುತ್ತದಂತೆ. ಉಸಿರು ಮಾತ್ರ ಜೋರಾಗಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಸುಸ್ತು ಅಂದುಕೊಂಡು ಬೆಳಗಿನವರೆಗೆ ಕಾದೆವು. ನೀವು ಕಾಯಬೇಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ ಅಷ್ಟೇ, ಪ್ಯಾರಾಸಿಟಮಾಲ್ ನುಂಗಿಸಿ ನೋಡೋಣ ಅನ್ನದೆ ನಡುರಾತ್ರಿಯಾದರೂ ನರ್ಸ್‌ನ ಕರೆಯಿರಿ.