ಮೂರು ಚೆಂಡು, ಬಲೂನು, ತುಟಿಯುಸಿರು

ಇಪ್ಪತ್ತೆರಡು ವರ್ಷ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆ ಕುಡಿದವನು ನಾನು. ಸಿಒಪಿಡಿ, ಅಂದರೆ ಗಾಳಿನಾಳ ಕಿರಿದಾಗಿ ದಮ್ಮು ಕಟ್ಟುವ ವಾಸಿಯಾಗದ ಶ್ವಾಸಕೋಶದ ಕಾಯಿಲೆ, ಇದೆ ಎಂದು ವೈದ್ಯರು ಹೇಳಿದ ಮೇಲೆ, ದಮ್ಮು ಕಡಿಮೆಯಾಗಲೆಂದು ನಾಲ್ಕು ತಿಂಗಳು ಒಂದೊಂದಾಗಿ ಎಲ್ಲವನ್ನೂ ಮಾಡಿ ನೋಡಿದೆ. ಇನ್‌ಹೇಲರ್ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮೊದಲು ತಂದದ್ದು ಮೂರು ಚೆಂಡಿನ ಸ್ಪೈರೋಮೀಟರ್, ಕೊಳವೆಯಿಂದ ಉಸಿರೆಳೆದು ಚೆಂಡು ಏರಿಸುವ ವ್ಯಾಯಾಮದ ಡಬ್ಬಿ. ಅದರ ಮೇಲೆ 600, 900, 1200 ಎಂದು ಬರೆದಿರುತ್ತದೆ. ಸೆಕೆಂಡಿಗೆ ಅಷ್ಟು ಮಿಲಿಲೀಟರ್ ಗಾಳಿ ಎಳೆದರೆ ಚೆಂಡು ಮೇಲೇಳುತ್ತದೆ. ಬಹಳ ಜನ ಇದನ್ನು ಊದುತ್ತಾರೆ. ದಯವಿಟ್ಟು ಊದಬೇಡಿ, ನಿಧಾನವಾಗಿ ಎಳೆಯಿರಿ. ಮೂರನ್ನೂ ಒಮ್ಮೆಲೇ ಹಾರಿಸುವುದಕ್ಕಿಂತ ಎರಡನ್ನು ಮೂರು ಸೆಕೆಂಡು ಮೇಲೆ ನಿಲ್ಲಿಸುವುದು ಒಳ್ಳೆಯದು. ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದ ನಮ್ಮ ಭಾವನಿಗೆ ಇದರಿಂದ ಉಪಕಾರವಾಯಿತು. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದವರ ಶ್ವಾಸಕೋಶದ ತಳಭಾಗ ಮುದುಡಿಕೊಳ್ಳದಂತೆ ಇದು ಕಾಯುತ್ತದೆ. ನನ್ನ ಕಷ್ಟವೇ ಬೇರೆ: ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ.

ಬಲೂನು ಊದಿದರೆ ತಲೆ ಸುತ್ತಿ ಕಣ್ಣು ಕತ್ತಲೆ ಬಂತು. ಒಂದೇ ವಾರಕ್ಕೆ ಬಿಟ್ಟೆ. ಅನುಲೋಮ ವಿಲೋಮದಿಂದ ಮನಸ್ಸು ತಣ್ಣಗಾಗಿ ನಿದ್ದೆ ಬಂತು, ನಡೆಯುವಾಗಿನ ದಮ್ಮಿಗೆ ಅದು ಒದಗಲಿಲ್ಲ.

ಕೈ ಹಿಡಿದದ್ದು ಫಿಸಿಯೋಥೆರಪಿಯ ಹುಡುಗಿ ಕಲಿಸಿದ ತುಟಿಯುಸಿರು. ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆದು, ಬಿಸಿ ಹಾಲು ಆರಿಸುವಂತೆ ತುಟಿ ಕಿರಿದು ಮಾಡಿ, ನಾಲ್ಕು ಎಣಿಸುತ್ತ ಬಿಡಬೇಕು. ತುಟಿ ತಡೆಯುವುದರಿಂದ ಒಳಗಿನ ಒತ್ತಡ ಉಳಿದು, ಸಣ್ಣ ಗಾಳಿನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ; ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಕುಂದವಾಡ ಕೆರೆಯ ಏರಿಯ ಮೇಲೆ ಮೊದಲು ನೂರು ಹೆಜ್ಜೆಗೆ ನಿಲ್ಲುತ್ತಿದ್ದೆ. ಈಗ ಉಸಿರು ಬಿಡುತ್ತ ನಾಲ್ಕು ಹೆಜ್ಜೆ, ಎಳೆಯುತ್ತ ಎರಡು ಹೆಜ್ಜೆ ಹಾಕಿಕೊಂಡು ಅರ್ಧ ಗಂಟೆ ನಡೆಯುತ್ತೇನೆ. ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಪೀಕ್ ಫ್ಲೋ ಮೀಟರಿನ ಮುಳ್ಳು ಮಾತ್ರ ಅಂದಿನಿಂದ ಇಂದಿನವರೆಗೆ 190ರ ಆಸುಪಾಸಿನಲ್ಲೇ ಇದೆ. ಹೊಗೆ ತಿಂದ ಶ್ವಾಸಕೋಶ ಹೊಸದಾಗಿಲ್ಲ, ಇರುವುದರಲ್ಲಿ ನಡೆಯುವುದನ್ನು ಕಲಿತಿದ್ದೇನೆ.

ನನ್ನ ತಮ್ಮ ಇನ್ನೂ ಭಟ್ಟಿಯಲ್ಲೇ ಇದ್ದಾನೆ. ಮೆಟ್ಟಿಲು ಹತ್ತುವಾಗ ಅವನಿಗೂ ದಮ್ಮು ಬರುತ್ತಿದೆ. ಚೆಂಡಿನ ಡಬ್ಬಿ ಕೊಡಣ್ಣ ಎಂದು ಕೇಳಿದ. ಕೊಡಲಿಲ್ಲ. ಸೋಮವಾರ ಅವನನ್ನು ಮೊದಲು ಶ್ವಾಸಕೋಶದ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇನೆ.